ಪಂಚಮಿಗೆ ಯಾವ ತವರು?

ಹೆತ್ತ ತವರು ಇರುವಾಗಲೇ ಇನ್ನೊಂದು ತವರು ಬಂದು ಕೊರಳಿಗೆ ಬಿದ್ದದ್ದು ನಿಮಗೂ ಆಗಿದೆಯಾ? ನನಗೆ ಆಯಿತು, ಅದೂ ಸಾಮಾನಿನ ಗಾಡಿ ಹಾರ್ನ್ ಹೊಡೆಯುತ್ತಿದ್ದಾಗ.

ಸಿರುಗುಪ್ಪದ ಬಾಡಿಗೆ ಮನೆ ಬಿಟ್ಟು ಬಳ್ಳಾರಿಗೆ ಹೊರಟಿದ್ದೆವು. ಮನೆಯೊಡತಿ ಗೌರಮ್ಮನವರು ನನ್ನನ್ನು ತಡೆದು ಮಣೆ ಮೇಲೆ ಕೂರಿಸಿ, ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಹಾಕಿ ಉಡಿ ತುಂಬಿಯೇಬಿಟ್ಟರು.

"ಒಂದು ಹಿಡಿ ಅಕ್ಕಿ ಇಲ್ಲೇ ಬಿಟ್ಟು ಹೋಗವ್ವ. ಹೆಣ್ಣುಮಕ್ಕಳಿಲ್ಲದ ಮನಿ ನಂದು. ಪಂಚಮಿಗೆ ನೀ ಬರಬೇಕು ನೋಡು."

ಹಿಡಿ ಅಕ್ಕಿ ಬಿಟ್ಟರೆ ಅದು ನನ್ನ ತವರೆಂದು ಒಪ್ಪಿದಂತೆ. ಅಲ್ಲಿದ್ದ ಒಂದು ವರ್ಷ ನನ್ನವರಿಗೆ ಅಕ್ಕಿ ಗಿರಣಿಯಲ್ಲಿ ಮೋಟಾರು ರಿಪೇರಿ, ಮಗಳಿಗೆ ಕಾಲೇಜು, ನನಗೆ ಓಣಿಯ ಹೆಂಗಸರಿಗೆ ಪುಕ್ಕಟೆ ಹೊಲಿಗೆ ಪಾಠ, ರಜೆ ಸಿಕ್ಕರೆ ಎಲ್ಲರೂ ಊರೂರು ತಿರುಗಾಟ. ಮನೆ ಕಾದು, ಬಿಸಿ ರೊಟ್ಟಿ ಕೊಟ್ಟವರು ಇವರೇ. ಇಲ್ಲ ಅನ್ನುವುದು ಹೇಗೆ? ಬಿಟ್ಟೆ.

ದಾರಿಯಲ್ಲಿ ಕುರುಗೋಡಿನಲ್ಲಿ ನನ್ನ ಅವ್ವನ ಮನೆಗೆ ಇಳಿದೆವು. ಅವ್ವ ಉಡಿ ನೋಡಿದಳು, ವಿಷಯ ಕೇಳಿದಳು.

"ನಾ ಇನ್ನೂ ಗಟ್ಟಿ ಅದೀನಲ್ಲ ಲೇ! ಅಷ್ಟರಾಗ ಇನ್ನೊಬ್ಬಾಕಿ ಅವ್ವ ಬೇಕಾದಳೇನು?"

ನನ್ನವರು ನಗಿಸಲು ನೋಡಿದರು: "ಅತ್ತಿ, ವರ್ಷಪೂರ್ತಿ ದುಡಿದಾಂವ ನಾ, ಉಡಿ ಸಿಕ್ಕಿದ್ದು ನಿಮ್ಮ ಮಗಳಿಗೆ." ಅವ್ವ ನಗಲಿಲ್ಲ. ಚಹಾ ಕೊಟ್ಟು ಒಳಗೆ ಹೋದಳು.

ಈಗ ಹೆಣ್ಣುಮಕ್ಕಳು ತವರಿಗೆ ಹೋಗುವ ನಾಗರ ಪಂಚಮಿ ಹತ್ತಿರ ಬಂದಿದೆ. ಗೌರಮ್ಮನವರು ಫೋನ್ ಮಾಡಿ, ಬಾ, ಶೇಂಗಾ ಉಂಡಿ ಕಟ್ಟುತ್ತೇನೆ ಅಂದರು, ಹೂಂ ಅಂದೆ. ಅವ್ವನೂ ಫೋನ್ ಮಾಡಿ ಕರೆದಳು, ಅವಳಿಗೂ ಹೂಂ ಅಂದೆ. ತಲೆ ಕೆಟ್ಟುಹೋಗಿದೆ. ಇಂಥದ್ದು ನಿಮಗೂ ಆಗಿದ್ದರೆ ಯಾವ ಬಸ್ಸು ಹತ್ತಿದಿರಿ, ಬೇಗ ಬರೆದು ತಿಳಿಸಿ.