ಕೆಳಗಿನ ಸಾಲಿನ ಚೀಲ

ನಾನು ವಾಯುಪಡೆಯಿಂದ ನಿವೃತ್ತನಾಗುವ ಹಿಂದಿನ ವರ್ಷ, ಮಳೆಗಾಲದಲ್ಲಿ ನಡೆದದ್ದಿದು. ಸಾಮಾನು ಸಾಗಿಸುವ ವಿಮಾನಗಳ ತುಕಡಿಯಲ್ಲಿ ನಾನು ಲೋಡ್‌ಮಾಸ್ಟರ್ ಆಗಿದ್ದೆ. ವಿಮಾನದೊಳಗೆ ಎಷ್ಟು ಭಾರ ಹಾಕಬೇಕು, ಯಾವುದನ್ನು ಎಲ್ಲಿಟ್ಟು ಕಟ್ಟಬೇಕು ಎಂದು ಲೆಕ್ಕ ಹಾಕುವವನು. ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವೂ ಇತ್ತು. ಇರಲಿ, ಸ್ವಲ್ಪ ಈಗಲೂ ಇದೆ.

ಈಶಾನ್ಯದ ಗುಡ್ಡಗಳಲ್ಲಿ ಭೂಕುಸಿತವಾಗಿ ಒಂದು ಕಣಿವೆಯ ಊರುಗಳಿಗೆ ವಾರದಿಂದ ದಾರಿಯೇ ಇರಲಿಲ್ಲ. ಜನರ ಮನೆಯಲ್ಲಿ ಅಕ್ಕಿ ಮುಗಿದಿತ್ತು. ಅಲ್ಲಿದ್ದದ್ದು ಚಿಕ್ಕದೊಂದು ರನ್‌ವೇ, ಅದರ ತುದಿಗೆ ಪ್ರಪಾತ. ಅವತ್ತು ಮಧ್ಯಾಹ್ನ ಮೋಡ ಸ್ವಲ್ಪ ಸರಿದಿತ್ತು. ಒಂದು ಗಂಟೆಯೊಳಗೆ ಹೊರಡದಿದ್ದರೆ ಅಂದು ಹೋಗುವಂತಿರಲಿಲ್ಲ. ನಮ್ಮ ನೆಲೆಯ ಶೆಡ್ಡಿನಲ್ಲಿ ಅಕ್ಕಿ ಚೀಲಗಳನ್ನು ಒಟ್ಟಿದ್ದರು, ಪ್ರತಿ ಚೀಲದ ಮೇಲೂ ಐವತ್ತು ಕಿಲೋ ಎಂದು ಅಚ್ಚಾಗಿತ್ತು. ನೂರು ಚೀಲ ಎಣಿಸಿ, ಗುಣಿಸಿ, ಭಾರದ ಪಟ್ಟಿಗೆ ಸಹಿ ಹಾಕಿ ಕ್ಯಾಪ್ಟನ್ನರ ಕೈಗೆ ಕೊಟ್ಟುಬಿಟ್ಟೆ.

ಚೀಲ ಏರಿಸುವ ಕೆಲಸ ಶುರುವಾಗುವ ಹೊತ್ತಿಗೆ ಗಂಗಾವತಿಯಿಂದ ಅಪ್ಪನ ಫೋನು ಬಂತು. ಅಪ್ಪ ಅಲ್ಲಿಯ ರೈಸ್ ಮಿಲ್ಲೊಂದರಲ್ಲಿ ಹಮಾಲರ ಮೇಸ್ತ್ರಿ. ಊಟವಾಯಿತೇ ಎಂದು ಕೇಳುವುದು ಬಿಟ್ಟು, ಅಕ್ಕಿ ಒಯ್ಯುತ್ತಿದ್ದೇನೆ ಎಂದದ್ದೇ ತಡ, ಚೀಲದ ವಿಚಾರಣೆಗೆ ಇಳಿದ. ಹುಟ್ಟುಗುಣ ಸುಟ್ಟರೂ ಹೋಗದು.

"ಮಳಿ ಹತ್ತೇತಿ ಅಂತಿ. ಕೆಳಗಿನ ಸಾಲಿನ ಚೀಲ ಒಂದ್ ಎತ್ತಿ ನೋಡಿಯೇನು?"

"ಯಪ್ಪಾ, ಎಲ್ಲಾ ಬರದು ಸಹಿನೂ ಮಾಡೀನಿ."

"ಸಹಿ ಚೀಲ ಹೊರಂಗಿಲ್ಲೋ ತಮ್ಮಾ. ಎತ್ತಿ ನೋಡು."

ಮಳೆಗಾಲದಲ್ಲಿ ನಮ್ಮ ಮಿಲ್ಲಿನ ಹಮಾಲರು ಬುಡದ ಸಾಲಿನ ಚೀಲವೊಂದನ್ನು ಹೆಗಲಿಗಿಟ್ಟು ನೋಡದೆ ಲಾರಿ ತುಂಬುವುದಿಲ್ಲ. ನೆಲದ ನೀರು ಕುಡಿಯುವುದು ಆ ಸಾಲೇ. ಶಾಲೆಯ ಸೂಟಿಯಲ್ಲಿ ನಾನೂ ಅವರೊಂದಿಗೆ ಚೀಲ ಹೊತ್ತವನು. ಇಷ್ಟು ವರ್ಷ ಕಾಗದ ನೋಡಿ ನೋಡಿ ಅದನ್ನು ಮರೆತಿದ್ದೆ. ಮನಸ್ಸಿಲ್ಲದ ಮನಸ್ಸಿನಿಂದ ಬುಡದ ಚೀಲವೊಂದಕ್ಕೆ ಹೆಗಲು ಕೊಟ್ಟೆ. ಅದು ಐವತ್ತು ಕಿಲೋ ಅಲ್ಲವೇ ಅಲ್ಲ.

ಓಡಿಹೋಗಿ ಕ್ಯಾಪ್ಟನ್ನರಿಗೆ ಚೀಲ ಹೊತ್ತು ನೋಡಿದೆ, ನನ್ನ ಪಟ್ಟಿ ತಪ್ಪಿದೆ, ತಪ್ಪು ನನ್ನದೇ ಎಂದೆ. ಅವರು ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ಗುಡ್ಡದ ಮೋಡ ನೋಡಿದರು. ಕಾಗದ ಬಿಟ್ಟು ನಿನ್ನ ಹೆಗಲನ್ನು ನಂಬಲೇ ಎಂದು ಹಿಂದಿಯಲ್ಲಿ ರೇಗಿದರು. ತೂಗಿಸಿ ನೋಡಿ, ನಾನು ಸುಳ್ಳಾದರೆ ಶಿಕ್ಷೆ ಕೊಡಿ ಎಂದೆ. ಉಗ್ರಾಣದಿಂದ ತೂಕದ ಯಂತ್ರ ತರಿಸಿದರು. ಮುಳ್ಳು ಐವತ್ತೆಂಟಕ್ಕೆ ಹೋಗಿ ನಿಂತಿತು. ಬುಡದ ಸಾಲುಗಳೆಲ್ಲ ಹೀಗೇ ನೆನೆದಿದ್ದವು. ಕ್ಯಾಪ್ಟನ್ ಹಳೆಯ ಪಟ್ಟಿ ಹರಿದು ಹೊಸದು ಬರೆಸಿದರು. ನೆನೆದ ಹನ್ನೆರಡು ಚೀಲ ಬಿಟ್ಟು ಉಳಿದದ್ದನ್ನು ಏರಿಸಿ, ಮೋಡ ಮುಚ್ಚುವ ಮೊದಲು ಹೊರಟೆವು.

ಆ ರನ್‌ವೇಯಲ್ಲಿ ಇಳಿದು ವಿಮಾನ ನಿಂತಾಗ ಮುಂದೆ ಪ್ರಪಾತಕ್ಕೆ ಕೆಲವೇ ಮಾರು ಜಾಗ ಉಳಿದಿತ್ತು. ಎಲ್ಲ ಚೀಲ ಹೊತ್ತು ತಂದಿದ್ದರೆ ನಾವು ಆ ತುದಿಯಲ್ಲಿ ನಿಲ್ಲುತ್ತಿರಲಿಲ್ಲ. ಕ್ಯಾಪ್ಟನ್ ಹಿಂದಕ್ಕೆ ಬಂದು ಚೀಲ ಹೊತ್ತ ನನ್ನ ಹೆಗಲಿನ ಮೇಲೆ ಕೈಯಿಟ್ಟು ಹೋದರು.

ಸಂಜೆ ಹಿಂತಿರುಗಿದ ಕೂಡಲೇ ಅಪ್ಪನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಶಾಬಾಸ್ ಎನ್ನುತ್ತಾನೆಂದು ಕಾದಿದ್ದೆ. ಅಪ್ಪ, ಬಿಟ್ಟುಹೋದ ಆ ಚೀಲ ಎಲ್ಲಿವೆ ಎಂದು ಕೇಳಿದ. ಶೆಡ್ಡಿನಲ್ಲೇ ಇವೆ ಎಂದೆ.

"ತೊಯ್ದ ಅಕ್ಕಿ ಭಾಳ ದಿನಾ ತಡಿಯಂಗಿಲ್ಲ ತಮ್ಮಾ, ಮುಗ್ಗ ಹಿಡಿತೈತಿ. ಅಲ್ಲಿ ಮಂದಿ ಹಸದು ಕುಂತಾರ. ನಾಳೆ ಮೊದಲು ಅವನ್ನ ಮುಟ್ಟಸು."

ನನಗೆ ನಾಚಿಕೆಯಾಯಿತು. ನನ್ನ ಪಟ್ಟಿ, ನನ್ನ ವಿಮಾನ, ನನ್ನ ಜೀವ ಎಂದು ಇಡೀ ದಿನ ಕಳೆದಿದ್ದ ನನಗೆ ಆ ಹನ್ನೆರಡು ಚೀಲದ ನೆನಪೇ ಇರಲಿಲ್ಲ. ಆ ಅಕ್ಕಿ ಉಣ್ಣುವವರ ಮುಖವನ್ನು ಎಂದೂ ಕಾಣದ ಅಪ್ಪ ಗಂಗಾವತಿಯಲ್ಲಿ ಕುಳಿತು ಅವರ ಚಿಂತೆ ಮಾಡುತ್ತಿದ್ದ. ಮರುದಿನ ಮೊದಲ ಸರದಿಯಲ್ಲೇ ಆ ಚೀಲಗಳನ್ನು ಒಯ್ದೆ. ಇಳಿಸುವಾಗ ಯಾರ ಕೈಗೂ ಕೊಡದೆ, ಹನ್ನೆರಡನ್ನೂ ನಾನೇ ಹೊತ್ತೆ.