ದೇವಮ್ಮನವರ ಹೊಳೆದಂಡೆ

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಜಗಲಿಯಲ್ಲಿ ಕೂತು ದೀಪದ ಬತ್ತಿ ಹೊಸೆಯುತ್ತಿದ್ದಳು. ಹತ್ತಿಯ ಚೂರೊಂದು ಹಾರಿ ನನ್ನ ಪೇಪರಿನ ಮೇಲೆ ಬಿತ್ತು. ಎತ್ತಿ ಉಂಡೆ ಮಾಡಿ, ಗೊತ್ತಿಲ್ಲದೆಯೇ ನಾಲಗೆಗೆ ತಾಗಿಸಿಬಿಟ್ಟೆ. "ಥೂ, ದೇವರ ಬತ್ತಿ ಕಣ್ರೀ ಅದು!" ಎಂದಳು. ನೀವೂ ಬೈಯಬೇಡಿ, ಇದು ಕಸುಬಿನ ಚಾಳಿ.

ಹುಣಸೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ಮೈಸೂರಿನಲ್ಲಿ ಹಳೆಯ ಚಿತ್ರ ದುರಸ್ತಿ ಮಾಡುವವರೊಬ್ಬರ ಹತ್ತಿರ ಎರಡು ಬೇಸಿಗೆ ರಜೆ ಕೆಲಸ ಕಲಿತಿದ್ದೆ. ಹತ್ತಿಯನ್ನು ಎಂಜಲಲ್ಲಿ ಒದ್ದೆ ಮಾಡಿ ಮೆಲ್ಲಗೆ ಉಜ್ಜಿದರೆ ಬಣ್ಣಕ್ಕೆ ಏಟಾಗದೆ ಕೊಳೆ ಬಿಡುತ್ತದೆ. ಅದರ ಜೊತೆ ಅನುಮಾನವನ್ನೂ ಕಲಿತೆ. ಹೊಸ ಚಿತ್ರವನ್ನು ಹಳೆಯದೆಂದು ನಂಬಿಸುವವರ ಕಥೆ ಕೇಳಿ ಕೇಳಿ, ಕೊನೆಗೆ ಡಜನ್ ಬಾಳೆಹಣ್ಣನ್ನೂ ಎಣಿಸದೆ ತರುತ್ತಿರಲಿಲ್ಲ. ಸಾರಿಗೆ ಉಪ್ಪು ಸರಿಯಾಗಿದೆ ಎಂದು ಹೆಂಡತಿ ಹೇಳಿದರೂ ನಂಬದೆ ಸೌಟು ನೆಕ್ಕುವ ಜಾತಿ ನನ್ನದು.

ಏಳೆಂಟು ವರ್ಷದ ಹಿಂದೆ ಅಂತರಸಂತೆ ಕಡೆಯಿಂದ ದೇವಮ್ಮ ಎಂಬ ವಯಸ್ಸಾದ ಹೆಂಗಸು, ಮಗ ಮಾದೇವನ ಜೊತೆ, ಹಳೇ ದುಪ್ಪಟಿಯಲ್ಲಿ ಸುತ್ತಿದ ಒಂದು ಚಿತ್ರ ಹೊತ್ತುಕೊಂಡು ಬಸ್ಸಿನಲ್ಲಿ ನಮ್ಮ ಮನೆಗೆ ಬಂದರು. ಬಿಚ್ಚಿದ ಕೂಡಲೇ ಮನೆಯೆಲ್ಲ ಒಲೆಹೊಗೆಯ ವಾಸನೆ. ಒಂದು ಹೊಳೆ, ಆಚೆಗೆ ಗುಡ್ಡ, ಈಚೆಗೆ ಕಂದುಬಣ್ಣದ ಬಯಲು. ಬಲಗಡೆಯ ಮೂಲೆ ಪೂರಾ ಕಪ್ಪು. ಸಹಿಯಿದ್ದ ಕಡೆ ಎರಡಕ್ಷರದ ಬಾಲ ಮಾತ್ರ ಉಳಿದಿತ್ತು.

"ಯಾವ್ದೋ ದೊಡ್ಡ ಪೇಂಟರ್ ಬರ್ದಿರೋದು ಅಂತ ನೀವು ಬರ್ಕೊಟ್ರೆ ತಗಳೋರವ್ರೆ ಸಾರ್," ಎಂದ ಮಾದೇವ.

"ಅದು ಅತ್ಲಾಗಿರ್ಲಿ ಮೇಷ್ಟ್ರೇ. ಇದು ನಮ್ಮೂರು ಔದೋ ಅಲ್ವೋ, ಅದೊಂದ್ ನೋಡ್ಬುಡಿ," ಎಂದರು ದೇವಮ್ಮ.

ಅವರ ಊರು ಕಬಿನಿ ಡ್ಯಾಮಿನ ನೀರಿನಲ್ಲಿ ಮುಳುಗಿಹೋಗಿತ್ತು. ಅವರ ಮಾವ ಕಾಡಂಚಿನ ಬಂಗಲೆಯಲ್ಲಿ ಒಬ್ಬ ಬಿಳಿ ದೊರೆಗೆ ಅಡಿಗೆ ಮಾಡುತ್ತಿದ್ದವರು. ದೊರೆ ತನ್ನ ದೇಶಕ್ಕೆ ಹೊರಟಾಗ ಇದನ್ನು ಕೊಟ್ಟುಹೋದನಂತೆ. ನಮ್ಮ ಹೊಳೆದಂಡೆಯಲ್ಲೇ ಕೂತು ಬರೆದದ್ದು ಎಂದು ಮಾವ ಹೇಳಿದ್ದರಂತೆ. "ಊರಿಂದು ಒಂದ್ ಫೋಟೋನೂ ಇಲ್ಲ ಕಣ್ರೀ, ಇದೊಂದೇ. ನೋಡಿ, ರಾಗಿ ಕೊಯ್ದ ವಲ. ನಮ್ದೇ ಅದು."

ನನಗೆ ಒಳಗೊಳಗೇ ನಗು. ಹೊಳೆ, ಗುಡ್ಡ ಎಲ್ಲಿಲ್ಲ? ಕೆ.ಆರ್. ನಗರದವರು ಇದನ್ನು ಕಾವೇರಿ ಅಂದಾರು, ಹನಗೋಡಿನವರು ಲಕ್ಷ್ಮಣತೀರ್ಥ ಅಂದಾರು. ಮಾವ ಹೇಳಿದ್ದೂ ಸುಳ್ಳೇ ಇರಬೇಕು, ದೊರೆ ಹೇಳಿದ್ದೂ ಸುಳ್ಳೇ ಇರಬೇಕು. ಲಾಯರಿನ ಹಾಗೆ ಪೆನ್ನು ಹಿಡಿದು ಕೇಳಿದೆ: "ನಿಮ್ಮೂರೇ ಆದರೆ, ಆ ಕಪ್ಪು ಮೂಲೆಯಲ್ಲಿ ಏನಿರಬೇಕು ಹೇಳಿ."

ಅವರು ಯೋಚನೆಯನ್ನೇ ಮಾಡಲಿಲ್ಲ. "ಮಾರಮ್ಮನ ಗುಡಿ."

ಬರೆದುಕೊಂಡೆ. ಹತ್ತಿಗೆ ಉಗುಳು ತಾಗಿಸಿದೆ. "ಅಯ್ಯೋ, ನಮ್ಮೂರ್‍ಗೆ ಉಗೀತೀರಾ?" ಎಂದು ಗಾಬರಿಯಾದರು. ಸಮಾಧಾನ ಮಾಡಿ ಉಜ್ಜತೊಡಗಿದೆ. ಮಧ್ಯಾಹ್ನದ ಹೊತ್ತಿಗೆ ಕಪ್ಪಿನಿಂದ ಒಂದು ಚೂಪು ಗೋಪುರ ಎದ್ದಿತು, ತುದಿಯಲ್ಲಿ ಶಿಲುಬೆ. ಕಲ್ಲಿನ ಚರ್ಚು. ಸೂರಿನ ಮೇಲೆ ಬಿಳಿ.

"ಸುಣ್ಣ ಬಳ್ದವ್ರೆ," ಎಂದರು ದೇವಮ್ಮ, ಮೆಲ್ಲಗೆ.

"ಸುಣ್ಣ ಅಲ್ಲ ಅಮ್ಮ, ಹಿಮ," ಎಂದೆ. ಎಂದು ಸುಮ್ಮನಿದ್ದೆನೇ? ಇಲ್ಲ. ಅವರ ರಾಗಿ ಹೊಲವನ್ನೂ ಒಂದು ಅಂಗೈಯಗಲ ಉಜ್ಜಿ ತೋರಿಸಿದೆ. ಅದೂ ಹಿಮವೇ. ಐವತ್ತು ವರ್ಷ ಅವರದೇ ಒಲೆಯ ಹೊಗೆ ಕುಡಿದು ಕಂದಾಗಿತ್ತು. ಸುಳ್ಳು ಹಿಡಿದೆನೆಂದು ನನಗೆ ಖುಷಿಯಾಯಿತು, ನಾಚಿಕೆಬಿಟ್ಟು ಹೇಳುತ್ತಿದ್ದೇನೆ.

"ಫಾರಿನ್ ಅಂದ್ರೆ ಇನ್ನೂ ಒಳ್ಳೇದಲ್ವಾ ಸಾರ್?" ಎಂದ ಮಾದೇವ.

ದೇವಮ್ಮ ಅವನ ಕಡೆ ತಿರುಗಲಿಲ್ಲ. ಆ ಬಿಳಿಯ ಅಂಗೈಯಗಲವನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು: "ಮೇಷ್ಟ್ರೇ, ಆ ಕೊಳೆ ತಿರ್ಗಾ ಅಂಟಿಸ್ಕೊಡಕ್ಕಾಯ್ತದಾ?"

ಚಿತ್ರ ಅವರದು, ಊರು ಅವರದು, ನಾನು ಯಾರು? ಇಂಥ ಕೆಲಸ ಮಾಡುವವರನ್ನು ಬಾಯಿಗೆ ಬಂದಂತೆ ಬೈದವನು, ಎರಡು ದಿನ ಕೂತು ಡಿಕಾಕ್ಷನ್ನಿಗೆ ದೀಪದ ಮಸಿ ಕಲೆಸಿ ಬಳಿದೆ. ಚರ್ಚು ಮುಳುಗಿತು, ರಾಗಿ ಹೊಲ ಬಂತು. ಯಾರು ಬರೆದದ್ದೆಂದು ನನಗೆ ಇವತ್ತಿಗೂ ತಿಳಿಯದು. ಮಾದೇವ ಕೇಳಿದ ಕಾಗದ ಬರೆದುಕೊಡಲಿಲ್ಲ. ಅವನೂ ತಾಯಿಯ ಮುಖ ನೋಡಿ ಚಿತ್ರವನ್ನು ದುಪ್ಪಟಿಯಲ್ಲಿ ಸುತ್ತಿದ.

ಹೋದ ವಾರ ಅಂತರಸಂತೆಗೆ ಹೋಗಿದ್ದೆ. ದೇವಮ್ಮನವರ ಮನೆ ತುಂಬ ಜನ. ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಗೋಡೆಯ ಮೇಲೆ ಚಿತ್ರ.

"ಇದೇ ಕಣವ್ವ ನಮ್ಮೂರು," ಎಂದು ದೇವಮ್ಮ ಗಂಡಿನ ತಾಯಿಗೆ ತೋರಿಸುತ್ತಿದ್ದರು. "ಬೇಕಾದ್ರೆ ಮೇಷ್ಟ್ರನ್ನೇ ಕೇಳು. ಪರೀಕ್ಷೆ ಮಾಡವ್ರೆ."

ಎಲ್ಲರೂ ನನ್ನ ಕಡೆ ತಿರುಗಿದರು. ಅವರಿಗೆ ನಿಜಕ್ಕೂ ಮರೆತಿದೆಯೋ, ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೋ ಎಂದು ಮುಖ ನೋಡಿದೆ. ಅವರು ಕಣ್ಣು ಮಿಟುಕಿಸಲೂ ಇಲ್ಲ.

"ಹೌದಮ್ಮ," ಎಂದೆ. "ಆ ಮೂಲೆಯಲ್ಲಿ ಮಾರಮ್ಮನ ಗುಡಿ ಇದೆ. ನಾನೇ ನೋಡಿದ್ದೇನೆ."