ನಮ್ಮ ಜೀಪಿನ ಬ್ರೇಕೂ ನನ್ನ ನೋಟ್‌ಬುಕ್ಕೂ

ನಮ್ಮ ಜೀಪಿಗೆ ಬ್ರೇಕ್ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಇತ್ತು. ಮನೆಯ ಮುಂದೆ ನಿಂತಿರುವಾಗ ಇತ್ತು, ಮೆಕ್ಯಾನಿಕ್ಕಿನ ಷೆಡ್ಡಿನಲ್ಲಿ ಇತ್ತು, ತುಮಕೂರಿನ ಬೀದಿಗಳಲ್ಲಿ ಒಂದೆರಡು ಮೈಲಿ ಓಡಾಡುವಾಗಲೂ ಇತ್ತು. ಗುಬ್ಬಿ ಕಡೆಗೋ ಕುಣಿಗಲ್ ಕಡೆಗೋ ಹತ್ತು ಹದಿನೈದು ಮೈಲಿ ಹೋದ ಮೇಲೆ ಮಾತ್ರ, ಅದೂ ಪ್ರತಿ ಸಲವಲ್ಲ, ಇಲ್ಲವಾಗುತ್ತಿತ್ತು. ಪೆಡಲ್ ಒತ್ತಿದರೆ ಕಾಲು ನೆಲದವರೆಗೂ ಹೋಗುತ್ತಿತ್ತು. ಅರ್ಧ ಗಂಟೆ ಹುಣಸೆಮರದ ಕೆಳಗೆ ನಿಲ್ಲಿಸಿದರೆ ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಹಿಡಿಯುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಅಪ್ಪ ತುಮಕೂರಿನಲ್ಲಿ ವಕೀಲರು. ಗುಬ್ಬಿಯ ಹತ್ತಿರ ನಮ್ಮ ತೆಂಗಿನ ತೋಟ, ಕುಣಿಗಲ್ಲಿನಲ್ಲಿ ಅಪ್ಪನ ಅಕ್ಕನ ಮನೆ. ಈ ಎರಡು ಊರಿಗೂ ಹೋಗಿಬರಲೆಂದು ಅಪ್ಪ ಹರಾಜಿನಲ್ಲಿ ಒಂದು ಹಳೆಯ ಜೀಪು ತಂದರು. ಅದನ್ನು ಓಡಿಸಲು ಬೆಳ್ಳಾವಿ ಕಡೆಯ ಡ್ರೈವರೊಬ್ಬರು ಬಂದರು. ಐವತ್ತು ದಾಟಿದವರು, ಇಪ್ಪತ್ತು ವರ್ಷ ಲಾರಿ ಓಡಿಸಿ ಘಟ್ಟ ಇಳಿಸಿದವರು, ಮಾತು ಕಡಿಮೆ. ನಾನು ಆಗಷ್ಟೇ ಎಂ.ಎಸ್ಸಿ. ಮುಗಿಸಿ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ನನ್ನದೂ ಮಾತು ಕಡಿಮೆಯೇ. ಅವರದು ಸ್ವಭಾವ, ನನ್ನದು ವಿದ್ಯೆಯ ಗಾಂಭೀರ್ಯ ಎಂದು ಆಗ ತಿಳಿದಿದ್ದೆ.

ಜೀಪಿನ ಜೊತೆಗೆ ಒಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ಮನೆಯಲ್ಲಿ ಅದನ್ನು ತೆರೆದವಳು ನಾನೊಬ್ಬಳೇ. ಬ್ರೇಕ್ ಆಯಿಲ್ ತುಂಬಿಸುವಾಗ ಕೊಳೆಯ ಕಣವೂ ಒಳಗೆ ಬೀಳಬಾರದು ಎಂದು ಅದರಲ್ಲಿ ಬರೆದಿತ್ತು. ನಾನು ಹೋಗಿ ನೋಡಿದರೆ ಡ್ರೈವರು ಕಾಲಡಿಯ ಮ್ಯಾಟು ಸರಿಸಿ, ನೆಲದ ತಗಡಿನಲ್ಲಿದ್ದ ಸಣ್ಣ ಮುಚ್ಚಳ ತೆಗೆದು, ಹಳೆಯ ಪೇಪರನ್ನೇ ಪೊಟ್ಟಣದಂತೆ ಸುತ್ತಿ ಅದರೊಳಗಿಂದ ಆಯಿಲ್ ಸುರಿಯುತ್ತಿದ್ದರು. ಇನ್ನು ಮೇಲೆ ಆ ಕೆಲಸ ನಾನು ಮಾಡುತ್ತೇನೆ ಎಂದೆ. ಅವರು ಡಬ್ಬವನ್ನು ನನ್ನ ಕೈಗಿತ್ತು ಪಕ್ಕಕ್ಕೆ ಸರಿದರು.

ಅಮ್ಮನ ಹತ್ತಿರ ಒಂದು ತಗಡಿನ ಆಲಿಕೆ ಇಸಿದುಕೊಂಡೆ. ಪ್ರತಿ ಭಾನುವಾರ ಬೆಳಿಗ್ಗೆ ಅದನ್ನು ತಿಕ್ಕಿ ತೊಳೆದು, ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ಒರೆಸಿ, ಆಯಿಲ್ ಎಷ್ಟು ಇಳಿದಿದೆಯೋ ಅಷ್ಟು ತುಂಬಿಸುತ್ತಿದ್ದೆ. ಮುಚ್ಚಳವನ್ನೂ ಅದರ ಸುತ್ತಲನ್ನೂ ಅದೇ ಬಟ್ಟೆಯಿಂದ ಒರೆಸುತ್ತಿದ್ದೆ. ಡ್ರೈವರು ದೂರದಲ್ಲಿ ನಿಂತು ನೋಡುತ್ತಿದ್ದರು. ಅವರ ಮುಖದಲ್ಲಿದ್ದದ್ದು ಮೆಚ್ಚುಗೆ ಎಂದು ನಾನು ಎಣಿಸಿದ್ದೆ.

ಬ್ರೇಕು ಮೊದಲು ಕೈಕೊಟ್ಟದ್ದು ಗುಬ್ಬಿಯ ಹತ್ತಿರ. ಅದು ಹುರುಳಿ ಕಿತ್ತ ಕಾಲ. ಆ ಕಡೆ ರೈತರು ಹುರುಳಿ ಗಿಡವನ್ನು ಡಾಂಬರು ರಸ್ತೆಯ ಮೇಲೆಯೇ ಹಾಸಿಬಿಡುತ್ತಾರೆ. ಹೋಗಿಬರುವ ಬಸ್ಸು ಲಾರಿಗಳು ಅದರ ಮೇಲೆ ಹಾದು ಕಾಳು ಬಿಡಿಸಿಕೊಡಬೇಕು. ನಾವು ಬರುವ ಹೊತ್ತಿಗೆ ಒಬ್ಬ ಹೆಂಗಸು ರಸ್ತೆ ಮಧ್ಯದಲ್ಲಿ ಬಗ್ಗಿ ಗಿಡ ಮಗುಚಿಹಾಕುತ್ತಿದ್ದಳು. ಪೆಡಲ್ ಒತ್ತಿದರೆ ಏನೂ ಇಲ್ಲ. ಡ್ರೈವರು ಹಾರ್ನ್ ಹೊಡೆಯುತ್ತಲೇ ಸ್ಟಿಯರಿಂಗ್ ತಿರುಗಿಸಿ ಪಕ್ಕದಲ್ಲಿ ಒಟ್ಟಿದ್ದ ಹೊಟ್ಟಿನ ರಾಶಿಗೆ ಜೀಪನ್ನು ನುಗ್ಗಿಸಿದರು. ಮೆತ್ತಗೆ ನಿಂತಿತು. ನನ್ನ ಕನ್ನಡಕದ ಮೇಲೆಲ್ಲ ಹೊಟ್ಟು.

ಹೆಂಗಸು ಸೊಂಟದ ಮೇಲೆ ಕೈಯಿಟ್ಟು ಬಂದಳು. "ಏನಣ್ಣೋ, ರೋಡ್ನಾಗೆ ಹಾಸಿರೋದ್ ಬುಟ್ಟು ರಾಶಿ ಮ್ಯಾಲ್ ಹತ್ತಿಸ್ದಲ್ಲ, ಕಣ್ ಕಾಣಾಕಿಲ್ವಾ?"

"ಬ್ರೇಕ್ ಹಿಡೀಲಿಲ್ಲ ಕಣವ್ವ."

"ಒಳ್ಳೇದೇ ಆಯ್ತು ಬುಡು. ನಿಲ್ಲಾಕಿಲ್ಲ ಅಂದ್ಮ್ಯಾಲೆ ಇಲ್ಲೇ ಇನ್ನೊಂದ್ ನಾಕ್ ಸುತ್ ಸುತ್ತು, ನಮ್ ಕೆಲ್ಸಾನಾರ ಆಯ್ತದೆ."

ಮಾರನೆಯ ದಿನವೇ ನಾನು ನೋಟ್‌ಬುಕ್ ತೆರೆದೆ. ಸ್ಕೇಲಿನಲ್ಲಿ ಗೆರೆ ಎಳೆದು ಕಾಲಂ ಮಾಡಿದೆ: ತಾರೀಖು, ಊರು, ಎಷ್ಟು ಮೈಲಿ ಓಡಿತ್ತು, ತೆಂಗಿನಕಾಯಿ ಇತ್ತೇ, ಬಿಸಿಲೋ ಮಳೆಯೋ, ಯಾರು ಓಡಿಸುತ್ತಿದ್ದರು. ಮೊದಲಿಗೆ ಹುರುಳಿ ಬಳ್ಳಿ ಚಕ್ರಕ್ಕೆ ಸುತ್ತಿಕೊಂಡದ್ದೇ ಕಾರಣವೆಂದು ತೀರ್ಮಾನಿಸಿದೆ. ಎರಡನೆಯ ಸಲ ಕುಣಿಗಲ್ ರಸ್ತೆಯಲ್ಲಿ, ಹುರುಳಿಯ ಹೆಸರೂ ಇಲ್ಲದ ಕಡೆ, ಹೀಗೇ ಆಯಿತು. ಹಾಗಾದರೆ ತೆಂಗಿನಕಾಯಿಯ ಭಾರ ಎಂದುಕೊಂಡೆ. ಮೂರನೆಯ ಸಲ ಖಾಲಿ ಜೀಪು. ಕುಣಿಗಲ್ಲಿನ ಅತ್ತೆ ಮಂಗಳವಾರದ ದೋಷ ಎಂದರು. ನಾನು ನಕ್ಕೆ. ಆದರೂ ಅಂದು ಯಾವ ವಾರ ಎಂದು ಬರೆಯಲು ಒಂದು ಕಾಲಂ ಸೇರಿಸಿದೆ.

ತುಮಕೂರಿನ ಮೆಕ್ಯಾನಿಕ್ಕಿನ ಷೆಡ್ಡಿಗೆ ಒಯ್ಯುವಷ್ಟರಲ್ಲಿ ಪ್ರತಿ ಸಲವೂ ಜೀಪು ತಣ್ಣಗಾಗಿರುತ್ತಿತ್ತು. ಅವನು ಒತ್ತಿ ನೋಡಿ, "ಕಲ್ಲಂಗೈತಲ್ಲ ಬ್ರೇಕು" ಎನ್ನುತ್ತಿದ್ದ. ಬ್ರೇಕ್ ಪೈಪಿನಲ್ಲಿ ಸೇರಿದ್ದ ಗಾಳಿ ತೆಗೆದು ಹೊಸ ಆಯಿಲ್ ತುಂಬುತ್ತಿದ್ದ. ಒಂದು ತಿಂಗಳು ಸರಿಯಿರುತ್ತಿತ್ತು. ಮತ್ತೆ ಅದೇ ಕಥೆ. ನಾಲ್ಕೈದು ಸಲ ಹೀಗಾದ ಮೇಲೆ ಒಂದು ದಿನ ಚಕ್ರದೊಳಗಿನ ಬ್ರೇಕ್ ಡ್ರಮ್ ಬಿಚ್ಚಿ ಮೂಸಿ, "ಲೈನಿಂಗ್ ಸೀದೋಗೈತೆ. ಯಾರೋ ಬ್ರೇಕ್ ಮೇಲೆ ಕಾಲಿಟ್ಕಂಡೇ ಓಡಿಸ್ತವ್ರೆ" ಎಂದ.

ನಾನು ಮನೆಗೆ ಬಂದು ನೋಟ್‌ಬುಕ್ ನೋಡಿದೆ. ಹನ್ನೊಂದು ಸಲ ಬ್ರೇಕ್ ಹೋಗಿತ್ತು. ಹನ್ನೊಂದು ಸಲವೂ ಓಡಿಸುತ್ತಿದ್ದವರು ಡ್ರೈವರು. ಇಷ್ಟು ಸ್ಪಷ್ಟವಾದ ಪುರಾವೆ ನನ್ನ ಪ್ರಯೋಗಶಾಲೆಯಲ್ಲೂ ಎಂದೂ ಸಿಕ್ಕಿರಲಿಲ್ಲ. ಊಟದ ಹೊತ್ತಿಗೆ ಅಪ್ಪನ ಮುಂದಿಟ್ಟೆ.

ಅಮ್ಮ ಬಡಿಸುತ್ತಾ ಕೇಳಿಸಿಕೊಂಡರು. "ನಮ್ಮನೇಲಿ ಸಾರು ಉಪ್ಪಾದಾಗೆಲ್ಲ ಮಾಡಿದ್ದು ನಾನೇ ಕಣೇ" ಎಂದರು. "ಚೆನ್ನಾಗಾದಾಗ್ಲೂ ನಾನೇ. ಬೇರೆ ಯಾರು ಮಾಡ್ತಾರೆ ಇಲ್ಲಿ?"

ಅಮ್ಮನಿಗೆ ವಿಜ್ಞಾನ ಗೊತ್ತಿಲ್ಲವೆಂದುಕೊಂಡೆ. ಅಪ್ಪ ಕೋರ್ಟಿನಲ್ಲಿ ಎರಡೂ ಕಡೆಯ ವಾದ ಕೇಳಿ ಕೇಳಿ ಬೇಸತ್ತಿದ್ದವರು. ಮನೆಯಲ್ಲಿ ಒಂದೇ ಕಡೆಯದು ಕೇಳಿ ತೀರ್ಪು ಕೊಡುತ್ತಿದ್ದರು. ಮಾರನೆಯ ಬೆಳಿಗ್ಗೆ ಡ್ರೈವರನ್ನು ಜಗಲಿಯ ಹತ್ತಿರ ಕರೆದರು.

"ಒಂದನೇ ತಾರೀಖಿಂದ ಬರೋದು ಬೇಡ ಕಣಯ್ಯ. ಬ್ರೇಕ್ ಮೇಲೆ ಕಾಲಿಟ್ಕೊಂಡು ಓಡಿಸ್ತೀಯಂತೆ."

"ಯಾರ್ ಹೇಳಿದ್ದು ಸ್ವಾಮಿ?"

ಅಪ್ಪ ನನ್ನ ನೋಟ್‌ಬುಕ್ ತೋರಿಸಿದರು. ಡ್ರೈವರು ಅದನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. "ಅಮ್ಮಾವ್ರು ನನ್ ಕಾಲ್ ಯಾವತ್ ನೋಡವ್ರೆ ಸ್ವಾಮಿ? ಹಿಂದ್ಗಡೆ ಕೂತು ಪುಸ್ತಕ ಓದ್ತಿರ್ತಾರೆ. ಕೆಲ್ಸ ಹೋದ್ರೆ ಹೋಗ್ಲಿ. ಕಾಲಿಡ್ತಾನೆ ಅಂತ ಹೆಸ್ರು ಬಂದ್ರೆ ನಾಳೆ ಈ ಊರಲ್ಲಿ ಯಾವನು ನನ್ ಕೈಗೆ ಗಾಡಿ ಕೊಡ್ತಾನೆ? ಒಂದ್ಸಲ ಕುಣಿಗಲ್‌ಗಂಟ ನನ್ ಪಕ್ಕ ಕೂತು ನೋಡ್ಲಿ. ಆಮ್ಯಾಕೆ ನೀವೇನೇಳಿದ್ರೂ ಸರಿ."

ಅಪ್ಪ ನನ್ನ ಕಡೆ ನೋಡಿದರು. ಪ್ರಯೋಗ ಬೇಡವೆನ್ನುವುದು ವಿಜ್ಞಾನಕ್ಕೆ ಸಲ್ಲದು; ಹೂಂ ಎಂದೆ.

ಹೀಗೆ, ಗಂಡಸರ ಮುಖವನ್ನೇ ನೆಟ್ಟಗೆ ನೋಡಿ ಮಾತಾಡದ ನಾನು ಒಬ್ಬ ಗಂಡಸಿನ ಪಾದಗಳನ್ನು ಇಪ್ಪತ್ತು ಮೈಲಿ ನೋಡುತ್ತಾ ಹೋದೆ. ಅವರು ಚಪ್ಪಲಿ ಬಿಟ್ಟು, ಪ್ಯಾಂಟನ್ನು ಮೊಣಕಾಲ ತನಕ ಮಡಿಚಿ ಕುಳಿತಿದ್ದರು, ಮರೆಮಾಚುವುದು ಏನೂ ಇಲ್ಲವೆಂಬಂತೆ. ಎಡಗಾಲ ಹೆಬ್ಬೆರಳಿನ ಉಗುರು ಎಂದೋ ಜಜ್ಜಿ ಕಪ್ಪಾಗಿತ್ತು. ಎದುರಿಗೆ ಬಂದ ಬಸ್ಸಿನ ಜನಕ್ಕೆ ನಾನು ಡ್ರೈವರಿನ ಕಾಲಿಗೆ ನಮಸ್ಕಾರ ಮಾಡುತ್ತಾ ಹೋಗುತ್ತಿರುವಂತೆ ಕಂಡಿರಬೇಕು. ಬಲಗಾಲು ಬೇಕಾದಾಗ ಮಾತ್ರ ಬ್ರೇಕಿನ ಮೇಲೆ ಬರುತ್ತಿತ್ತು, ಕೆಲಸ ಮುಗಿದೊಡನೆ ಹೊರಟುಹೋಗುತ್ತಿತ್ತು.

ಕುಣಿಗಲ್ ಇನ್ನೇನು ಬಂತು ಎನ್ನುವಲ್ಲಿ ಒಂದು ಇಳಿಜಾರು. ಸುಟ್ಟ ವಾಸನೆ ಬಂತು. ಬಲಗಾಲು ಪೆಡಲ್ ಒತ್ತಿತು, ಪೆಡಲ್ ನೆಲ ಮುಟ್ಟಿತು. ಅವರು ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ರಸ್ತೆ ಪಕ್ಕದ ಮಣ್ಣಿನ ದಿಬ್ಬಕ್ಕೆ ಎರಡು ಚಕ್ರ ಹತ್ತಿಸಿ ನಿಲ್ಲಿಸಿದರು. ಇದೆಲ್ಲ ಮುಗಿದ ಮೇಲೂ ನಾನು ಅವರ ಕಾಲನ್ನೇ ನೋಡುತ್ತಿದ್ದೆ.

"ಒತ್ತಕ್ ಮುಂಚೆ ಎಲ್ಲಿತ್ತು ಕಾಲು?" ಎಂದು ಕೇಳಿದರು.

"ನೆಲದ ಮೇಲೆ."

"ಬರ್ಕಳಿ."

ಬರೆದುಕೊಂಡೆ.

ಈ ಸಲ ಅವರು ತಣ್ಣಗಾಗಲು ಬಿಡಲಿಲ್ಲ. ಒಂದನೇ ಗೇರಿನಲ್ಲೇ ಉರುಳಿಸಿಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಒಬ್ಬ ವಯಸ್ಸಾದ ಮೆಕ್ಯಾನಿಕ್ಕಿನ ಮುಂದೆ ನಿಲ್ಲಿಸಿದರು. ಅವನು ಡ್ರಮ್ಮಿನ ಮೇಲೆ ನೀರು ಚಿಮುಕಿಸಿದ. ದೋಸೆ ಹೆಂಚಿನ ಮೇಲೆ ಬಿದ್ದಂತೆ ಚುಂಯ್ ಎಂದಿತು. ನೆಲದ ತಗಡಿನ ಕೆಳಗಿದ್ದ ಸಿಲಿಂಡರ್ ಬಿಚ್ಚಿ ಒಳಗಿನ ರಬ್ಬರ್ ವಾಷರ್ ಎಳೆದು ತೆಗೆದ. ಅದು ಸುಲಭವಾಗಿ ಬರಲಿಲ್ಲ. ಒಂದು ಹೊಸದನ್ನು ತಂದು ಅಂಗೈ ಮೇಲೆ ಪಕ್ಕಪಕ್ಕ ಇಟ್ಟುಕೊಂಡ.

"ಇದು ಹೊಸ್ದು, ಇದು ನಿಮ್ದು. ನಿಮ್ದು ಉದ್ದಿನ್ವಡೆ ಆಗೈತೆ ನೋಡಿ. ಸೀಮೆಎಣ್ಣೆ ಸೇರೈತೆ. ರಬ್ರು ಊದ್ಕಂಡ್ರೆ ಒತ್ತಿದ್ ಬ್ರೇಕು ವಾಪಸ್ ಬುಡಾಕಿಲ್ಲ. ಉಜ್ತಾ ಉಜ್ತಾ ಕಾಯ್ತದೆ, ಕಾದ್ಮ್ಯಾಲೆ ಕೈ ಬುಡ್ತದೆ. ಯಾರ್ ಮೇಡಮ್ಮೋರೆ ಆಯಿಲ್ ಹಾಕೋದು?"

ನಮ್ಮ ಮನೆಯಲ್ಲಿ ಜಿಡ್ಡಿಗೆ ಇರುವುದು ಒಂದೇ ಔಷಧ. ಹೊಲಿಗೆ ಮೆಷೀನಿಗೆ ಸೀಮೆಎಣ್ಣೆ, ಸೈಕಲ್ ಚೈನಿಗೆ ಸೀಮೆಎಣ್ಣೆ, ಗೋಡೆ ಗಡಿಯಾರದ ಹಲ್ಲಿಗೂ ಸೀಮೆಎಣ್ಣೆ. ಪ್ರತಿ ಭಾನುವಾರ ನಾನು ಆ ಆಲಿಕೆಯನ್ನು ತಿಕ್ಕಿ ತೊಳೆಯುತ್ತಿದ್ದದ್ದೂ, ಬಟ್ಟೆಯನ್ನು ಅದ್ದಿ ಹಿಂಡುತ್ತಿದ್ದದ್ದೂ ಅದರಲ್ಲೇ. ನೀರಿನಲ್ಲಿ ತೊಳೆದರೆ ತೇವ ಉಳಿಯುತ್ತದೆ ಎಂಬ ಎಚ್ಚರಿಕೆ ನನ್ನದು. ಕಾಲೇಜಿನಲ್ಲಿ ನಾನು ಹೇಳುತ್ತಿದ್ದ ಪಾಠ ರಸಾಯನಶಾಸ್ತ್ರ. ಸೀಮೆಎಣ್ಣೆಯಲ್ಲಿ ರಬ್ಬರು ಊದುತ್ತದೆಂದು ಆ ವರ್ಷವೇ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದ್ದೆ. ಚಿತ್ರ ಚೆನ್ನಾಗಿ ಬಂದಿತ್ತು. ಆಮೇಲೆ ನೋಡಿದರೆ ಜೀಪಿನ ಪುಸ್ತಕದಲ್ಲೂ ಇದನ್ನು ಬರೆದಿತ್ತು, ಕೊಳೆಯ ವಿಷಯ ಹೇಳಿದ ಮುಂದಿನ ಪುಟದಲ್ಲಿಯೇ. ಕೊಳೆಯ ವಾಕ್ಯ ನನಗೆ ಎಷ್ಟು ಹಿಡಿಸಿತ್ತೆಂದರೆ ನಾನು ಪುಟ ತಿರುಗಿಸಿರಲಿಲ್ಲ. ಕಾಲಂ ಹಾಕುವಾಗ ಆಯಿಲ್ ತುಂಬಿಸಿದವರು ಯಾರು ಎಂದು ಒಂದು ಕಾಲಂ ಬೇಕೆಂದೂ ಹೊಳೆದಿರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಡ್ರೈವರು ಬೀಡಿ ಹಚ್ಚಿಕೊಳ್ಳುತ್ತಾ, "ಮನೇಲಿ ಒಬ್ಬೊಬ್ರು ಒಂದೊಂದ್ಸಲ ಹಾಕ್ತೀವಿ" ಎಂದರು.

"ನಾನೇ ಹಾಕೋದು" ಎಂದೆ.

ಮೆಕ್ಯಾನಿಕ್ಕು ನನ್ನ ಸೀರೆಯನ್ನೂ ಕನ್ನಡಕವನ್ನೂ ನೋಡಿ ಸಿಲಿಂಡರ್ ತೊಳೆಯಲು ಹೋದ.

ತುಮಕೂರಿಗೆ ಬರುವವರೆಗೆ ಜೀಪು ಎಲ್ಲಿಯೂ ತಕರಾರು ಮಾಡಲಿಲ್ಲ. ದಾರಿಯುದ್ದಕ್ಕೂ ನಾನು ಅಪ್ಪನಿಗೆ ಹೇಳಬೇಕಾದ ವಾಕ್ಯವನ್ನು ಜೋಡಿಸುತ್ತಿದ್ದೆ. "ಆಯಿಲ್‌ಗೆ ಸೀಮೆಎಣ್ಣೆ ಸೇರಿತ್ತಂತೆ" ಎಂದು ಮನೆಯಲ್ಲಿ ಶುರುಮಾಡಿದೆ. ಅಪ್ಪ ತಕ್ಷಣ, "ಅಂದ್ರೆ ಇವನೇ ಸೇರಿಸಿದ್ನಾ?" ಎಂದರು. ಅಷ್ಟು ಹೊತ್ತು ಜೋಡಿಸಿದ್ದು ಅಲ್ಲಿಗೆ ಕೆಟ್ಟಿತು. "ಅಲ್ಲ. ನಾನು. ಪ್ರತಿ ಭಾನುವಾರ" ಎಂದೆ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು, ಬಾಗಿಲ ಹತ್ತಿರ ನಿಂತಿದ್ದ ಡ್ರೈವರಿಗೆ, "ಏನೋ ಆಯ್ತಯ್ಯ, ಮನಸ್ಸಿಗೆ ಹಚ್ಕೋಬೇಡ. ನಾಳೆ ಗುಬ್ಬಿಗೆ ಹೋಗ್ಬೇಕು, ಬೇಗ ಬಾ" ಎಂದರು.

ಡ್ರೈವರು ಅಲ್ಲಿಂದ ಕದಲಲಿಲ್ಲ. ಅಪ್ಪ ಒಳಗೆ ಹೋದ ಮೇಲೆ ನನಗೆ ಹೇಳಿದರು: "ಮನೇಲಿ ಹೇಳಿದ್ರೆ ಸಾಲಾಕಿಲ್ಲ ಅಮ್ಮಾವ್ರೆ. ಷೆಡ್ಡಲ್ಲೂ ಹೇಳ್ಬೇಕು. ನಾನ್ ಕಾಲಿಡ್ತೀನಿ ಅಂತ ಅಲ್ಲಿಗ್ ಬರೋ ಡ್ರೈವರ್‌ಗಳಿಗೆಲ್ಲ ಗೊತ್ತಾಗೈತೆ. ನಿನ್ನೆ ಟೀ ಅಂಗ್ಡೀಲಿ ಒಬ್ಬ ನನ್ ಕಾಲಿಗ್ ಒಂದ್ ಇಟ್ಟಿಗೆ ಕಟ್ಕೊ, ಬ್ರೇಕ್ ಒತ್ತೋ ಶ್ರಮ ತಪ್ತದೆ ಅಂದ."

"ಒಂದು ಚೀಟಿ ಬರೆದುಕೊಡಲಾ?"

"ಚೀಟಿ ಯಾರ್ ಓದ್ತಾರೆ ಅಲ್ಲಿ."

ಮಾರನೆಯ ಸಂಜೆ ಜೀಪು ಗುಬ್ಬಿಯಿಂದ ಬಂದ ಮೇಲೆ, ನಾನು ಕಾಲೇಜು ಮುಗಿಸಿ, ಇಬ್ಬರೂ ಷೆಡ್ಡಿಗೆ ಹೋದೆವು. ಆ ಹೊತ್ತಿನಲ್ಲಿ ಅಲ್ಲಿ ಏಳೆಂಟು ಜನ ಡ್ರೈವರುಗಳು ಟೈರುಗಳ ಮೇಲೆ ಕುಳಿತಿರುತ್ತಾರೆಂದು ನಮ್ಮ ಡ್ರೈವರಿಗೆ ಗೊತ್ತಿತ್ತು. ನಾನು ಮೆಕ್ಯಾನಿಕ್ಕಿನ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ.

"ಏನಂದ್ರಿ ಮೇಡಮ್ಮೋರೆ? ಸ್ವಲ್ಪ ಜೋರಾಗೇಳಿ, ಇಲ್ಲಿ ಸುತ್ಗೆ ಸದ್ದು."

ನೂರು ಜನ ಹುಡುಗರ ಕ್ಲಾಸಿನಲ್ಲಿ ಕೊನೆಯ ಬೆಂಚಿಗೂ ಕೇಳುವ ದನಿ ನನ್ನದು. ಅದನ್ನೇ ತೆಗೆದೆ. ಇವರು ಯಾವತ್ತೂ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಓಡಿಸಿಲ್ಲ, ಇಪ್ಪತ್ತು ಮೈಲಿ ಪಕ್ಕದಲ್ಲಿ ಕೂತು ನೋಡಿದ್ದೇನೆ, ಆಲಿಕೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು ವಾಷರ್ ಊದಿಸಿದವಳು ನಾನು ಎಂದೆ. ಸುತ್ತಿಗೆ ನಿಂತಿತು. ಟೈರಿನ ಮೇಲಿದ್ದ ಒಬ್ಬ ಕೆಮ್ಮಿದ. ಮೆಕ್ಯಾನಿಕ್ಕು ಕೈ ಒರೆಸಿಕೊಳ್ಳುತ್ತಾ, "ಹಂಗಾದ್ರೆ ನಾನೂ ತೆಪ್ ಹೇಳ್ದೆ ಕಣಣ್ಣ" ಎಂದು ಡ್ರೈವರಿಗೆ ಹೇಳಿದ.

ನನ್ನ ಪಾಲಿಗೆ ಮುಗಿಯಿತೆಂದು ಜೀಪಿನ ಕಡೆ ಹೊರಟೆ. ಡ್ರೈವರು ಬರಲಿಲ್ಲ. ರಸ್ತೆಯ ಆಚೆ ಟೀ ಅಂಗಡಿಯಿಂದ ಒಬ್ಬ ದಪ್ಪ ಮೀಸೆಯವನು ಗ್ಲಾಸು ಹಿಡಿದು ಇತ್ತ ಬರುತ್ತಿದ್ದ. ಅವನು ಹತ್ತಿರ ಬರುವವರೆಗೆ ಕಾದು, ಡ್ರೈವರು ನನಗೆ, "ಇಟ್ಗೆ ಕಟ್ಕೊ ಅಂದೋನು ಇವ್ನೇ. ಕೇಳಿಸ್ಕಂಡಿಲ್ಲ. ಇನ್ನೊಂದ್ಸಲ ಹೇಳಿ ಅಮ್ಮಾವ್ರೆ" ಎಂದರು.

ಮೊದಲಿನಿಂದ ಹೇಳಿದೆ.